ಸೆಣಬಿನ ದೋಣಿ

“ಈ ದೋಣಿ ನಾನು ಹತ್ತಲ್ಲ, ಆಪಾ,” ಎಂದ ಅಂಬಿಗ ಮೋಕ್ಸೇದ್, ರೌಶನಾರಾಳ ಹೆಗಲ ಮೇಲಿಂದ ಚಿತ್ರದತ್ತ ಇಣುಕುತ್ತ.

ಅವಳ ಕುಂಚ ನಿಂತಿತು. ಮೂವತ್ತೆಂಟು ವರ್ಷ ಚಿತ್ರಕಲೆ ಕಲಿಸಿದವಳ ನಿವೃತ್ತಿಗೆ ಮುನ್ನಿನ ಕೊನೆಯ ಪಾಠ ಬ್ರಹ್ಮಪುತ್ರದ ದಡದಲ್ಲಿ ನಡೆಯುತ್ತಿತ್ತು; ಈ ಚಿತ್ರ ಕಾಲೇಜಿನ ಗೋಡೆ ಸೇರಲಿತ್ತು. ಸುತ್ತ ಕೂತ ವಿದ್ಯಾರ್ಥಿಗಳು ತಲೆಯೆತ್ತಿ ನೋಡಿದರು.

“ಯಾಕೆ ಚಾಚಾ?”

“ಅಷ್ಟು ಸೆಣಬು ಹೇರಿದೀರ, ದೋಣಿ ನೋಡಿದ್ರೆ ಬಾತುಕೋಳಿ ಥರ ಮೇಲೇ ತೇಲ್ತಿದೆ. ಸೆಣಬಿಗೆ ತೂಕ ಇಲ್ವಾ? ಒಂದ್ಸಲ ಹೊತ್ತು ನೋಡಿ, ಸೊಂಟ ಹೇಳುತ್ತೆ.”

ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ರೌಶನಾರಾ ನದಿಯತ್ತ ತಿರುಗಿದಳು. ಹೊರೆ ಹೊತ್ತ ದೋಣಿಯೊಂದು ನೀರಿನಿಂದ ನಾಲ್ಕೇ ಬೆರಳು ಮೇಲೆ ಅಂಚು ಉಳಿಸಿಕೊಂಡು ಸಾಗುತ್ತಿತ್ತು. ‘ನೋಡಿ ಬರೀರಿ’ ಎಂದು ದಿನವೂ ಗದರುತ್ತಿದ್ದವಳು ತಾನೇ ನೋಡಿರಲಿಲ್ಲ. ಅವಳಿಗೂ ನಗು ತಡೆಯಲಾಗಲಿಲ್ಲ. ಬಣ್ಣದ ತಟ್ಟೆಯನ್ನು ಅವನ ಮುಂದೆ ಹಿಡಿದಳು.

“ನೀವೇ ಸರಿಮಾಡಿ.”

ಮೋಕ್ಸೇದ್ ಕುಂಚ ಮುಟ್ಟಲಿಲ್ಲ. ಬೆರಳನ್ನು ಲುಂಗಿಗೆ ಒರೆಸಿಕೊಂಡು, ನೀರಿಗೆ ಬಳಿದಿದ್ದ ನೀಲಿಯಲ್ಲಿ ಅದ್ದಿ, ದೋಣಿಯ ಹೊಟ್ಟೆಯ ಮೇಲೆ ನಿಧಾನವಾಗಿ ಎಳೆದ. ದೋಣಿ ಭಾರವಾಗಿ ನೀರಿಗಿಳಿಯಿತು.

“ಈಗ ಎಷ್ಟು ಅಂಕ ಕೊಡ್ತೀರಿ, ಚಾಚಾ?”

ಅವನು ಒಂದು ಕಣ್ಣು ಮುಚ್ಚಿ ನೋಡಿದ.

“ಅಂಕ ಗಿಂಕ ನಂಗೊತ್ತಿಲ್ಲ. ಈಗ ಹತ್ತಬಹುದು.”