ಗಾಳಿ ಬರುವ ಸೀಟು

ಮನೆಗೆ ಹತ್ತುವ ಮಣ್ಣುದಾರಿಯ ಚಡವಿನ ಅರ್ಧಕ್ಕೆ ಬಂದದ್ದೇ ಕೆಂಪು ಕಾರು ನಿಂತುಬಿಟ್ಟಿತು. ಸುಹರಾ ಎಕ್ಸಿಲೇಟರ್ ಒತ್ತಿದರೆ ಚಕ್ರ ಇದ್ದಲ್ಲೇ ತಿರುಗಿತು, ಕೆಸರು ಹಾರಿತು, ಗಾಡಿ ಮಾತ್ರ ಒಂದಡಿ ಮುಂದೆ ಹೋಗಲಿಲ್ಲ. ಪುತ್ತೂರಿನ ಶೋರೂಮಿನಿಂದ ಟೆಸ್ಟ್ ಡ್ರೈವಿಗೆಂದು ತಂದ ಕಾರು ಅದು. ಪಕ್ಕದಲ್ಲಿ ಶೋರೂಮಿನ ಹುಡುಗಿ ಯಶಸ್ವಿ, ಹಿಂದೆ ಸುಹರಾರ ಮಗ ಜಾಸಿರ್.

ಐವರ್ನಾಡಿನ ಆ ಚಡವಿನಲ್ಲಿ ಗಾಡಿ ಜಾರಿದರೆ ಯಾರನ್ನೂ ಕರೆಯಬೇಕೆಂದಿಲ್ಲ. ಇಂಜಿನ್ ಅರಚಿದ್ದು ಕೇಳಿದರೆ ಸಾಕು, ಜನ ಬಂದಾಯಿತು. ಮೊದಲು ಓಡಿ ಬಂದದ್ದು ಪಕ್ಕದ ಮನೆಯ ದೇರಣ್ಣ, ಹಿಂದೆಯೇ ಅವರ ಹೆಂಡತಿ ಕಮಲಾವತಿ, ಅವರ ಹಿಂದೆ ರಬ್ಬರ್ ಟ್ಯಾಪಿಂಗಿಗೆ ಬಂದಿದ್ದ ಚೆನ್ನು. ಒಂದು ಮಾತಿಲ್ಲ ಕತೆಯಿಲ್ಲ, ಬಾಗಿಲು ತೆಗೆದು ದೇರಣ್ಣ ಮತ್ತು ಕಮಲಾವತಿ ಹಿಂದಿನ ಸೀಟಿಗೆ ಹತ್ತಿದರು. ಜಾಗ ಸಾಲದೆ ಚೆನ್ನು ಡಿಕ್ಕಿಯಲ್ಲೇ ಕೂತ. ದೇರಣ್ಣನ ಹಳೆ ಜೀಪಿಗೆ ಇಲ್ಲಿ ಅದೇ ಕ್ರಮ. ಚಕ್ರ ಜಾರಿತೋ, ಹಿಂದೆ ಭಾರ ಹಾಕಬೇಕು.

"ಈಗ ಬಿಡಿ ಸುಹರಕ್ಕ!" ಎಂದರು ದೇರಣ್ಣ.

ಸುಹರಾ ಬಿಟ್ಟರು. ಕಾರಿನ ಮೂತಿ ಮೇಲೆದ್ದಿತು, ಚಕ್ರ ಮೊದಲಿಗಿಂತ ಜೋರಾಗಿ ತಿರುಗಿತು.

"ಅಯ್ಯೋ, ಇಳಿಯಿರಿ ಮಾರಾಯ್ರೆ!" ಯಶಸ್ವಿಗೆ ಅಳುವುದೊಂದು ಬಾಕಿ. "ಈ ಕಾರನ್ನು ಎಳೆಯುದು ಮುಂದಿನ ಚಕ್ರ. ನೀವು ಹಿಂದೆ ಕೂತಷ್ಟೂ ಮುಂದೆ ಹಗುರ ಆಗ್ತದೆ."

"ಹೌದಾ? ಹಾಗಾದ್ರೆ ನಾವು ಬಾನೆಟಿನ ಮೇಲೆ ಕೂರುದಾ?" ದೇರಣ್ಣ ಕೇಳಿದ್ದು ತಮಾಷೆಗಲ್ಲ. ಯಶಸ್ವಿ ಕೈಮುಗಿದಳು. ಕೊನೆಗೆ ಜೀಪು ಬಂತು, ಹಗ್ಗ ಬಂತು, ಸನ್‌ರೂಫಿನ ಹೊಸ ಕಾರು ಹಳೆ ಜೀಪಿನ ಹಿಂದೆ ಕರುವಿನ ಹಾಗೆ ಅಂಗಳಕ್ಕೆ ಬಂದು ನಿಂತಿತು.

ಜಾಸಿರ್‌ನ ಹೆಂಡತಿ ಜುಮಾನಾ ತುಂಬಿದ ಬಸುರಿ. ಮೊದಲ ಹೆರಿಗೆ ತವರಿನಲ್ಲಿ ಆಗಿತ್ತು, ಇದು ಇಲ್ಲಿ. ಜಾಸಿರ್ ಬರುವ ಶುಕ್ರವಾರ ದುಬೈಗೆ ವಾಪಸ್. ನೋವು ಬಂದಾಗ ಅವಳನ್ನು ಪುತ್ತೂರಿನ ಆಸ್ಪತ್ರೆಗೆ ಮುಟ್ಟಿಸಬೇಕಾದವರು ಸುಹರಾ. ಐವತ್ತು ದಾಟಿದ ಮೇಲೆ ಲೈಸೆನ್ಸ್ ಮಾಡಿಸಿದ ಹೆಂಗಸು, ಧೈರ್ಯಕ್ಕೇನೂ ಕಡಿಮೆಯಿಲ್ಲ. ಆದರೆ ಗಾಡಿ? ಶೋರೂಮಿನಲ್ಲಿ ಎರಡಿದ್ದವು, ರೇಟು ಹೆಚ್ಚುಕಡಿಮೆ ಒಂದೇ. ಒಂದು ಈ ಕೆಂಪು ಟಾಪ್ ಮಾಡೆಲ್: ಲೆದರ್ ಸೀಟು, ಮೇಲೆ ಗಾಜು. ಇನ್ನೊಂದನ್ನು ನಾಲ್ಕೂ ಚಕ್ರ ಎಳೆಯುತ್ತವೆ, ಆದರೆ ಬಟ್ಟೆಯ ಸೀಟು, ತಗಡಿನ ಮಾಡು, ಬೇರೆ ಎಂತದೂ ಇಲ್ಲ.

ಜುಮಾನಾ ನಿಧಾನ ಮುಂದಿನ ಸೀಟಿನಲ್ಲಿ ಕೂತಳು. ಯಶಸ್ವಿ ಒಂದು ಗುಂಡಿ ಒತ್ತಿದಳು.

"ಯಾ ಅಲ್ಲಾಹ್, ಸೀಟಿನೊಳಗಿಂದ ಗಾಳಿ ಬರ್ತದೆ! ಬೆನ್ನಿಗೆ ಎಷ್ಟು ಹಾಯಾಗ್ತದೆ ಗೊತ್ತುಂಟಾ?" ವಾರದಿಂದ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದವಳು ನಕ್ಕಳು. ಆ ನಗು ನೋಡಿ ಜಾಸಿರ್‌ಗೆ ಬೇರೆ ಲೆಕ್ಕವೇ ಬೇಡವಾಯಿತು.

"ಇದೇ ಇರಲಿ ಉಮ್ಮಾ," ಎಂದ.

"ಚಡವು?"

"ಮಳೆಗಾಲ ಮುಗಿಯುವವರೆಗೆ ಅಲ್ವಾ ತೊಂದರೆ? ಅಷ್ಟರವರೆಗೆ ದೇರಣ್ಣ ಮಾವನ ಜೀಪು ಉಂಟು." ಜಾಸಿರ್ ದೇರಣ್ಣನ ಕೈ ಹಿಡಿದುಕೊಂಡ. "ನಾನು ಹುಟ್ಟುವಾಗ ಉಮ್ಮನನ್ನು ಚಡವು ಇಳಿಸಿ ಆಸ್ಪತ್ರೆಗೆ ಮುಟ್ಟಿಸಿದ್ದು ಇದೇ ಜೀಪು. ಬಾಪ ತೀರಿಕೊಂಡಾಗ ಮಯ್ಯತ್ತನ್ನು ಮನೆಗೆ ತಂದದ್ದೂ ಇದೇ. ಒಂದು ದಿನ ನೀವು ಆಗುದಿಲ್ಲ ಅಂದದ್ದಿಲ್ಲ. ನಿಮ್ಮ ಉಪಕಾರ ನಾವು ಮರೆತರೆ ಸೃಷ್ಟಿಸಿದ ಅಲ್ಲಾಹ್ ಮೆಚ್ಚುದಿಲ್ಲ ಮಾವ."

"ಬಿಡು ಮಾರಾಯ, ಅದೆಂತ ದೊಡ್ಡ ಸಂಗತಿ? ನೀನು ಚಂದದ್ದೇ ತಗೋ. ಜಾರಿದರೆ ಎಳೆಯಲಿಕ್ಕೆ ನಾನಿಲ್ವಾ?" ದೇರಣ್ಣನಿಗೆ ಕಣ್ಣು ಒದ್ದೆಯಾಗಿತ್ತು. ಯಶಸ್ವಿ ಆಗಲೇ ಬುಕಿಂಗಿಗೆ ಫೋನು ತೆಗೆದಿದ್ದಳು.

"ನಿಲ್ಲು ಮಗಾ," ಎಂದು ಸುಹರಾ ಯಶಸ್ವಿಯನ್ನು ತಡೆದರು. "ಇದು ಬೇಡ. ಆ ಬಟ್ಟೆ ಸೀಟಿನದ್ದು ಬರೆದುಕೋ."

ಜಾಸಿರ್‌ಗೆ ಸಿಟ್ಟೇ ಬಂತು. "ಎಂತ ಉಮ್ಮಾ ನೀವು! ಅವಳ ಬೆನ್ನು ನೋಡಬೇಡವಾ?"

"ಬೆನ್ನಿಗೆ ಒಂದು ತಲೆದಿಂಬು ಇಟ್ಟರಾಯ್ತು. ಅಲ್ವಾ ಜುಮಾನಾ?"

ಜುಮಾನಾ ಅತ್ತೆಯ ಮುಖ ನೋಡಿ ಹೌದೆಂದು ತಲೆಯಾಡಿಸಿದಳು, ಗಾಳಿಯ ಸೀಟಿನಿಂದ ಏಳಲು ಮಾತ್ರ ಮನಸ್ಸಾಗಲಿಲ್ಲ.

"ನಾಲ್ಕು ಚಕ್ರದ್ದು ನಮಗೆ ಎಂತಕ್ಕೆ ಹೇಳಿ?" ಜಾಸಿರ್ ಬಿಡಲಿಲ್ಲ. "ದೇರಣ್ಣ ಮಾವ ಇಲ್ವಾ?"

"ನಮಗೆ ದೇರಣ್ಣ ಇದ್ದಾರೆ. ದೇರಣ್ಣನಿಗೆ ಯಾರಿದ್ದಾರೆ?" ಸುಹರಾ ಮಗನತ್ತ ತಿರುಗಿದರು. "ಹೋದ ತಿಂಗಳು ಅವರಿಗೆ ಎದೆನೋವು ಬಂತು. ಹೊರಗೆ ಜಡಿಮಳೆ, ಚಡವು ಹತ್ತಲಿಕ್ಕೆ ಯಾವ ಗಾಡಿಯೂ ಒಪ್ಪಲಿಲ್ಲ. ನಮಗೆ ತೊಂದರೆ ಬೇಡ ಅಂತ ನಮ್ಮನ್ನೂ ಕರೆಯಲಿಲ್ಲ. ಗೊತ್ತಾದದ್ದು ಮರುದಿನ. ಸುಳ್ಯದ ಆಸ್ಪತ್ರೆಗೆ ಅವರನ್ನು ಮುಟ್ಟಿಸಿದ್ದು ಯಾರು ಹೇಳು ನೋಡುವ?"

"ಅದೆಲ್ಲ ಈಗ ಎಂತಕ್ಕೆ ಸುಹರಕ್ಕ? ಗ್ಯಾಸ್ಟ್ರಿಕ್ ಅದು," ಎಂದು ದೇರಣ್ಣ ನಗಲು ನೋಡಿದರು. ಕಮಲಾವತಿ ನಗಲಿಲ್ಲ.

"ಅವರೇ, ಅವರದ್ದೇ ಜೀಪಿನಲ್ಲಿ," ಎಂದರು ಸುಹರಾ. "ಒಂದು ಕೈ ಎದೆಯ ಮೇಲೆ, ಒಂದು ಕೈ ಸ್ಟೇರಿಂಗಿನ ಮೇಲೆ. ಗೇರು ಹಾಕಿದ್ದು ಪಕ್ಕದಲ್ಲಿ ಕೂತ ಕಮಲಕ್ಕ."