ಕುಂಕುಮದ ಭರಣಿ ಹೋದ ದಾರಿ

ಆ ಬೆಳಿಗ್ಗೆ ಹೊಳೆಯ ಮೇಲೆ ಮಂಜು ಹಾಸಿತ್ತು. ಮರಳು ಕದ್ದೊಯ್ಯುವ ಲಾರಿಗಳನ್ನು ತಡೆಯಲು ಹೋದ ಹೆಂಗಸರು ಈ ಸಲವೂ ಲಾರಿ ಕಾಣದೆ ಮರಳಿದರು. ಬಾವಿಗಳು ಬತ್ತತೊಡಗಿದ್ದವು. ಊರಿಗಿದ್ದದ್ದು ಎರಡೇ ದಾರಿ, ಸೇತುವೆಯದೊಂದು, ಕೆರೆಯದೊಂದು. ಹೆಂಗಸರು ತಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದನ್ನು ಹೇಳಿದರೆ ಲಾರಿಗಳು ಇನ್ನೊಂದನ್ನು ಹಿಡಿಯುತ್ತಿದ್ದವು.

"ನಮ್ಮೊಳಗ ಚಾಡಿ ಹೇಳೋರು ಯಾರವ್ವಾ?" ಎಂದಳು ಗುಂಪು ಕಟ್ಟಿದ ಬಸಲಿಂಗವ್ವ.

"ಯಾರೂ ಅಲ್ರೀ ಅತ್ತಿ," ಸೊಸೆ ನಕ್ಕಳು. "ಗುಂಪು ಸೇರೋ ಲಿಂಕು ನೀವ ಊರಿಗೆಲ್ಲ ಕಳಿಸೀರಿ. ಲಾರಿ ಸಾವಕಾರನೂ ಅದರಾಗ ಕುಂತಾನ. ನಿಮ್ಮ ಶುಭೋದಯಕ್ಕ ದಿನಾ ಕೈ ಮುಗಿಯಾಂವ ಅವನ."

ಅಂದೇ ಗುಂಪಿನಲ್ಲಿ, "ನಾಳೆ ಎಲ್ಲಾರೂ ಸೇತುವೆಗೆ ಬರ್ರಿ" ಎಂಬ ಕರೆ ಹೋಯಿತು. ಸಂಜೆ ಬಸಲಿಂಗವ್ವ ಪಕ್ಕದ ಮನೆಯವಳಿಗೆ ಕುಂಕುಮ ಹಚ್ಚಿ, ಕಿವಿಯಲ್ಲೊಂದು ಮಾತು ಹೇಳಿ, ಭರಣಿಯನ್ನು ಅವಳ ಕೈಗೇ ಕೊಟ್ಟಳು. ಭರಣಿ ಹಾಗೆಯೇ ಮನೆಯಿಂದ ಮನೆಗೆ ನಡೆಯಿತು. ಕೊನೆಗೆ ಹಚ್ಚಿಸಿಕೊಂಡವಳು ಅದನ್ನು ಮರಳಿಸಬೇಕೆಂಬುದು ಊರ ಪದ್ಧತಿ.

ಮರುದಿನ ಸೇತುವೆ ತಪ್ಪಿಸಿ ಕೆರೆಯ ದಾರಿಗೆ ಬಂದ ಲಾರಿಗಳೆದುರು ಹೆಂಗಸರು ಭಜನೆ ಹಾಡುತ್ತ ಕುಳಿತಿದ್ದರು.

"ಗುಂಪಿನಾಗ ಹಿಂಗ ಇರಲಿಲ್ಲಲ್ಲ," ಎಂದು ಸಾವಕಾರ ತಬ್ಬಿಬ್ಬಾದ. "ಇಲ್ಲಿಗೆ ಬರ್ರಿ ಅಂತ ಮನಿಮನಿಗೆ ಹೇಳಿದೋರು ಯಾರು?"

ಹಾಡುವವರ ನಡುವಿನಿಂದ ಅವನ ಹೆಂಡತಿ ಎದ್ದು ಬಂದು, ಭರಣಿಯನ್ನು ಬಸಲಿಂಗವ್ವನ ಕೈಗಿಟ್ಟಳು.