ಜಾಗವಿಲ್ಲದ ಮನೆಗಾಡಿ

ಒಂದೇ ಕಡೆ ನಿಂತದ್ದನ್ನು ನೆಲ ನಾಲ್ಕು ದಿನ ತಾಳಿಕೊಳ್ಳುತ್ತಿತ್ತು, ಐದನೆಯ ದಿನ ನುಂಗಿಬಿಡುತ್ತಿತ್ತು. ಹಾಗಾಗಿ ಎಲ್ಲರ ಸಂಸಾರವೂ ಮನೆಗಾಡಿಗಳಲ್ಲೇ. ನಿವೃತ್ತ ನರ್ಸ್ ಫಿಲೋಮಿನಾಳದು ಎಲ್ಲಕ್ಕಿಂತ ಚಿಕ್ಕ ಗಾಡಿ. ಎಂಥ ಸಂದಿಯಲ್ಲೂ ನುಗ್ಗುತ್ತಿತ್ತು. ಆದರೆ ಒಳಗೆ ಇಬ್ಬರಿದ್ದರೆ, ಒಬ್ಬರು ಎದ್ದಾಗ ಇನ್ನೊಬ್ಬರು ಕೂತಿರಬೇಕು.

ಹಿರಿಯೂರಿನ ಬಯಲಲ್ಲಿ, ನಾಲ್ಕನೆಯ ದಿನ ಬೆಳಿಗ್ಗೆ, ಪಕ್ಕದ ದೊಡ್ಡ ಗಾಡಿಯ ಆ್ಯಕ್ಸಲ್ ಮುರಿಯಿತು. ಅದರ ಒಡತಿ ಜಲಜಾಕ್ಷಿ ಓಡಿ ಬಂದಳು.

"ಸಿಸ್ಟರ್, ನಮ್ಮತ್ತೆ ಒಬ್ರನ್ನ ಹತ್ತಿಸ್ಕೊಳ್ಳಿ. ನಾವು ಹೇಗೋ ನಡ್ಕೊಂಡು ಬರ್ತೀವಿ."

"ನಂದು ಚಿಕ್ಕದಲ್ವೇನಮ್ಮ, ಜಾಗ ಎಲ್ಲಿದೆ?" ಎಂದಳು ಫಿಲೋಮಿನಾ.

ಜಾಗವಿತ್ತು. ಮುದುಕಿಗೆ ಕೆಮ್ಮಿತ್ತು. ಅಷ್ಟು ಚಿಕ್ಕ ಗಾಡಿಯಲ್ಲಿ ಆ ಕೆಮ್ಮು ಕಿವಿಯ ಪಕ್ಕದಲ್ಲೇ ಇರುತ್ತದಲ್ಲ ಎಂದು ಹಾಗೆ ಹೇಳಿದ್ದಳು.

ಮರುದಿನ ಚಳ್ಳಕೆರೆಯ ತಂಗುದಾಣದಲ್ಲಿ ಜಲಜಾಕ್ಷಿ, ಹಣ್ಣು ತುಂಬಿದ ಲಗೇಜ್ ಆಟೋದಿಂದ ಅತ್ತೆಯನ್ನು ಇಳಿಸಿಕೊಳ್ಳುತ್ತಿದ್ದಳು. ಫಿಲೋಮಿನಾ ಮುಖ ತಿರುಗಿಸುವಷ್ಟರಲ್ಲಿ ಮುದುಕಿ ಕೂಗಿದಳು:

"ಸಿಸ್ಟರಮ್ಮಾ, ಬೇಜಾರು ಮಾಡ್ಕೋಬ್ಯಾಡ ಕಣವ್ವ. ಜಾಗ ಇದ್ದಿದ್ರೆ ನೀನು ಬಿಟ್ಟು ಹೋಗೋಳಲ್ಲ."

ಫಿಲೋಮಿನಾಗೆ ತಲೆ ಎತ್ತಲಾಗಲಿಲ್ಲ.

"ಜಾಗ ಇತ್ತು ಅಜ್ಜಿ," ಎಂದಳು.

ಸುತ್ತಲಿದ್ದವರೆಲ್ಲ ಕೇಳಿಸಿಕೊಂಡರು. ಮುದುಕಿ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಸೊಸೆಯ ಭುಜ ಹಿಡಿದು ಮೆಲ್ಲಗೆ ನಡೆದುಹೋದಳು.